ಅಟ್ರೊಪಿನ್ ಕೊಟ್ಟರೂ ತಮ್ಮನ ಕೈಕಾಲಿಗೆ ಬಲ ಏಕೆ ಬಂದಿಲ್ಲ?

ಸೋಮವಾರಪೇಟೆಯ ತೋಟದಲ್ಲಿ ಕಾಂಡಕೊರಕಕ್ಕೆ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಹೊಡೆದು ವಿಷವೇರಿದ ನಿಮ್ಮ ತಮ್ಮನಿಗೆ ಆಸ್ಪತ್ರೆಯಲ್ಲಿ ಅಟ್ರೊಪಿನ್ ಎಂಬ ಔಷಧಿ ಕೊಟ್ಟ ಮೇಲೆ ಜೊಲ್ಲು, ಬೆವರು ನಿಂತರೂ ಕೈಕಾಲು ಸೋತಿವೆ ಎಂದಿದ್ದೀರಿ. ಅದಕ್ಕೆ ಕಾರಣವಿದೆ.

ನರದ ತುದಿ ಸ್ನಾಯುವನ್ನು ನೇರವಾಗಿ ಮುಟ್ಟುವುದಿಲ್ಲ. ನಡುವಿನ ಸಣ್ಣ ಸಂದಿಗೆ ಅದು ಸಂದೇಶ ಒಯ್ಯುವ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ಸುರಿಯುತ್ತದೆ, ಸ್ನಾಯು ಬಿಗಿಯುತ್ತದೆ. ಕೆಲಸ ಮುಗಿದ ಕೂಡಲೇ ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ ಅದನ್ನು ಒಡೆದುಹಾಕಬೇಕು. ಈ ಕೀಟನಾಶಕ ಆ ಕಿಣ್ವಕ್ಕೇ ಅಂಟಿಕೊಳ್ಳುತ್ತದೆ. ಸಂದೇಶ ನಿಲ್ಲುವುದೇ ಇಲ್ಲ: ಮೊದಲು ಸ್ನಾಯು ಅದುರುತ್ತದೆ, ಆಮೇಲೆ ಸೋತುಬೀಳುತ್ತದೆ.

ಅಸಿಟೈಲ್‌ಕೋಲಿನ್‌ಗೆ ಗ್ರಾಹಕಗಳು, ಅಂದರೆ ಆ ಸಂದೇಶ ಹಿಡಿಯುವ ತಾಣಗಳು, ಎರಡು ಬಗೆ. ಜೊಲ್ಲು, ಬೆವರು, ಶ್ವಾಸನಾಳದ ಕಫ ಮಸ್ಕರಿನಿಕ್ ಗ್ರಾಹಕದ್ದು. ಅಟ್ರೊಪಿನ್ ತಡೆಯುವುದು ಇದನ್ನು ಮಾತ್ರ. ಕೈಕಾಲಿನ ಸ್ನಾಯುವಿನಲ್ಲಿರುವುದು ನಿಕೋಟಿನಿಕ್. ಅಲ್ಲಿ ಅಟ್ರೊಪಿನ್ ನಡೆಯದು. ಕಿಣ್ವದಿಂದ ವಿಷವನ್ನು ಬಿಡಿಸಲು ಪ್ರಾಲಿಡಾಕ್ಸಿಮ್ ಎಂಬ ಔಷಧಿ ಇದೆ, ಆದರೆ ತಡವಾದರೆ ಅಂಟು ಗಟ್ಟಿಯಾಗಿ ಬಿಡುವುದಿಲ್ಲ. ಆಗ ದೇಹ ಹೊಸ ಕಿಣ್ವ ಮಾಡಿಕೊಳ್ಳಬೇಕು, ವಾರಗಳೇ ಹಿಡಿಯಬಹುದು.

ದಯವಿಟ್ಟು ಇದನ್ನು ಗಮನಿಸಿ: ವಿಷ ತಗಲಿದ 1ರಿಂದ 4 ದಿನಗಳೊಳಗೆ ಉಸಿರಾಟದ ಸ್ನಾಯುಗಳೂ ಸೋಲಬಹುದು. ನಿಮ್ಮ ತಮ್ಮನಿಗೆ ದಿಂಬಿನಿಂದ ತಲೆ ಎತ್ತಲಾಗದಿದ್ದರೆ ಅದೇ ಮೊದಲ ಸೂಚನೆ, ತಕ್ಷಣ ವೈದ್ಯರನ್ನು ಕರೆಯಿರಿ. ಜೊಲ್ಲು ನಿಂತಿತೆಂದು ಮನೆಗೆ ಕರೆತರಬೇಡಿ.

ಕೀಟನಾಶಕ ಹೊಡೆದಾಗಿನ ಬಟ್ಟೆ ಇನ್ನೂ ಜೊತೆಯಲ್ಲಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ದೂರವಿಡಿ. ಕೂದಲು, ಉಗುರುಸಂದಿಯನ್ನು ಸೋಪು ನೀರಿನಲ್ಲಿ ತೊಳೆದಿದ್ದಾರೆಯೇ ಕೇಳಿ. ಚರ್ಮದಲ್ಲಿ ಉಳಿದದ್ದು ಒಳಗಿಳಿಯುತ್ತಲೇ ಇರುತ್ತದೆ. ಡಬ್ಬಿಯ ಲೇಬಲ್ ವೈದ್ಯರಿಗೆ ತೋರಿಸಿ.