ಮಹಡಿಯ ಬಾಡಿಗೆದಾರರ ಮೇಲೆ ಖೋಟಾ ನಾಣ್ಯದ ಅನುಮಾನ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಅರವತ್ತು ದಾಟಿದ ಮಹಿಳೆ. ಗಂಡ ತೀರಿಕೊಂಡ ಮೇಲೆ ಮಹಡಿಯ ಕೋಣೆಗಳನ್ನು ಇಬ್ಬರು ಯುವಕರಿಗೆ ಬಾಡಿಗೆಗೆ ಕೊಟ್ಟಿದ್ದರು. ನಿದ್ದೆ ಬರುತ್ತಿಲ್ಲ, ಸಣ್ಣ ಸದ್ದಿಗೂ ಎದೆ ಹೊಡೆದುಕೊಳ್ಳುತ್ತದೆ ಎಂದು ನನ್ನ ಬಳಿ ಬಂದರು. ಕಾರಣ ಬಾಯಿಗೆ ಬಂದದ್ದು ತಡವಾಗಿ. ‘ಮೇಡಂ, ಮೇಲಿನ ಹುಡುಗರು ಖೋಟಾ ನಾಣ್ಯ ಮಾಡ್ತಿದ್ದಾರೆ ಅನ್ಸುತ್ತೆ. ನಾಣ್ಯಕ್ಕೆಲ್ಲ ಯಾರಾದರೂ ಅಷ್ಟು ಕಷ್ಟ ಪಡ್ತಾರಾ ಅಂತ ಜನ ನಗ್ತಾರೆ, ಅಲ್ವಾ?’

ನಗುವ ಮಾತೇ ಅಲ್ಲ ಎಂದೆ. ಬ್ರಿಟನ್ನಿನಲ್ಲಿ ದುಂಡನೆಯ ಒಂದು ಪೌಂಡ್ ನಾಣ್ಯಗಳಲ್ಲಿ ನೂರಕ್ಕೆ ಸುಮಾರು 3 ನಕಲಿ ಎಂಬ ಅಂದಾಜಿತ್ತು. 2017ರಲ್ಲಿ ಅವನ್ನು ಹಿಂತೆಗೆದುಕೊಂಡು 12 ಬದಿಯ ನಾಣ್ಯ ತರಬೇಕಾಯಿತು.

ಕಣ್ಣಾರೆ ಕಂಡದ್ದನ್ನು ಒಂದು ಹಾಳೆಯಲ್ಲಿ, ಊಹಿಸಿದ್ದನ್ನು ಇನ್ನೊಂದರಲ್ಲಿ ಬರೆಯಲು ಹೇಳಿದೆ. ಊಹೆಯ ಹಾಳೆ ತುಂಬಿಹೋಯಿತು. ಕಂಡದ್ದು ನಾಲ್ಕೇ ಸಾಲು: ರಾತ್ರಿ ಲೋಹ ಕಾದ ವಾಸನೆ, ಮೆಟ್ಟಿಲ ಮೇಲೆ ಪ್ಲಾಸ್ಟರಿನಂಥ ಬಿಳಿ ಪುಡಿ, ಚಿಲ್ಲರೆಯಲ್ಲೇ ಬರುವ ಬಾಡಿಗೆ, ಆ ಚಿಲ್ಲರೆಯಲ್ಲಿ ಒಂದೇ ಜಾಗದಲ್ಲಿ ಒಂದೇ ಗೀರು ಇರುವ ಹಲವು ನಾಣ್ಯಗಳು.

ಕೊನೆಯ ಸಾಲಿಗೆ ತೂಕವಿದೆ. ಟಂಕಸಾಲೆಯಲ್ಲಿ ಲೋಹದ ಬಿಲ್ಲೆಯನ್ನು ಉಕ್ಕಿನ ಅಚ್ಚುಗಳ ನಡುವೆ ಒತ್ತಿ ನಾಣ್ಯ ಮಾಡುತ್ತಾರೆ. ಗೀರು ಬೀಳುವುದು ಆಮೇಲೆ, ಒಂದೊಂದಕ್ಕೆ ಒಂದೊಂದು ಥರ. ಬಳಸಿದ ನಾಣ್ಯದಿಂದ ಅಚ್ಚು ತೆಗೆದು ಎರಕ ಹೊಯ್ದರೆ ಅದರ ಗೀರು ಎಲ್ಲ ನಕಲಿಗಳಿಗೂ ಬರುತ್ತದೆ. ಉಳಿದ ಮೂರಕ್ಕೆ ಬೇರೆ ಅರ್ಥವೂ ಇರಬಹುದು. ಆಭರಣ, ಬೊಂಬೆಗಳ ಎರಕಕ್ಕೂ ಪ್ಲಾಸ್ಟರ್ ಬೇಕು. ಅನುಮಾನಕ್ಕೆ ಆಧಾರ ಇದೆ, ಆದರೆ ಅಪರಾಧ ಇನ್ನೂ ಸಾಬೀತಾಗಿಲ್ಲ.

ಅವರನ್ನು ನಿಜವಾಗಿ ಹಿಂಡುತ್ತಿದ್ದದ್ದು ಬೇರೆಯೇ. ಹಿಂದೊಮ್ಮೆ ಬಿದ್ದಾಗ ಆಸ್ಪತ್ರೆಗೆ ಹೊತ್ತೊಯ್ದವನು ಆ ಇಬ್ಬರಲ್ಲಿ ಒಬ್ಬ. ದಿನವೂ ‘ಊಟ ಆಯ್ತಾ ಅಮ್ಮ’ ಎಂದು ಕೇಳುವವನೂ ಅವನೇ. ‘ನನ್ನ ಬಾಯಿಂದ ಅವನು ಜೈಲಿಗೆ ಹೋಗೋದಾ?’ ಎಂದು ತುಂಬಾ ಹೊತ್ತು ಅತ್ತರು. ರಾತ್ರಿಯಿಡೀ ಮೆಟ್ಟಿಲ ಬುಡದಲ್ಲಿ ಕಿವಿಗೊಟ್ಟು ನಿಲ್ಲುತ್ತಿದ್ದದ್ದು ಅವನು ನಿರ್ದೋಷಿ ಅನ್ನಿಸುವ ಒಂದು ಸುಳಿವಿಗಾಗಿ. ಅಂಥ ಸುಳಿವು ಕದ್ದು ಕೇಳಿದರೆ ಸಿಗುವುದಿಲ್ಲ. ಅವನು ತೋರಿದ ಅಕ್ಕರೆ ನಿಜ, ಮಾಡುತ್ತಿರಬಹುದಾದ ಕೆಲಸವೂ ನಿಜವಿರಬಹುದು. ಒಂದನ್ನು ಒಪ್ಪಲು ಇನ್ನೊಂದನ್ನು ಸುಳ್ಳು ಮಾಡಬೇಕಾಗಿಲ್ಲ ಎಂದೆ. ಇದನ್ನು ಅರಗಿಸಿಕೊಳ್ಳಲು ಅವರಿಗೆ ಸಮಯ ಹಿಡಿಯಿತು. ನಾನೂ ಅವಸರ ಮಾಡಲಿಲ್ಲ.

ಕೊಟ್ಟ ಸಲಹೆ ಇಷ್ಟು. ಹುಡುಗರ ಕೋಣೆಗೆ ಹೋಗಿ ಹುಡುಕಬೇಡಿ, ಎದುರು ನಿಂತು ಕೇಳಬೇಡಿ. ಅನುಮಾನದ ನಾಣ್ಯಗಳನ್ನು ಲಕೋಟೆಗೆ ಹಾಕಿ, ಮೇಲೆ ತಾರೀಖು ಬರೆಯಿರಿ. ಖರ್ಚು ಮಾಡಬೇಡಿ. ನಕಲಿ ಎಂದು ಗೊತ್ತಿದ್ದೂ ಚಲಾಯಿಸಿದರೆ ಅದೂ ಅಪರಾಧ, ನಷ್ಟ ಆಗುವುದು ಯಾರೋ ಚಿಕ್ಕ ವ್ಯಾಪಾರಿಗೆ. ಅಕ್ಕಪಕ್ಕದವರಿಗೆ ಹೇಳಬೇಡಿ, ಅನುಮಾನ ಸುಳ್ಳಾದರೆ ಹುಡುಗರ ಹೆಸರು ಸುಮ್ನೆ ಕೆಡುತ್ತದೆ. ಒಬ್ಬರೇ ಹೋಗದೆ, ನಂಬಿಕೆಯವರ ಜೊತೆ ಪೊಲೀಸರ ಬಳಿ ಹೋಗಿ ಮೊದಲ ಹಾಳೆಯಲ್ಲಿರುವುದನ್ನಷ್ಟೇ ಹೇಳಿ. ಸಾಬೀತು ಮಾಡುವ ಹೊಣೆ ನಿಮ್ಮದಲ್ಲ.

ಇನ್ನೊಂದನ್ನು ಒತ್ತಿ ಹೇಳಿದೆ. ಇಂಥ ಎರಕದಲ್ಲಿ ಸೀಸ ಬಳಸುವುದುಂಟು. ಸೀಸದ ದೂಳು ಚಿಕ್ಕ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಮೊಮ್ಮಗುವನ್ನು ಆ ಮೆಟ್ಟಿಲ ಮೇಲೆ ಆಡಲು ಬಿಡಬೇಡಿ. ಪುಡಿಯನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಅವರು ತಂಗಿಯ ಜೊತೆ ಹೋಗಿ ಹೇಳಿ ಬಂದರು. ಲಕೋಟೆಯನ್ನೂ ಒಪ್ಪಿಸಿದರು. ತನಿಖೆಯ ವಿವರ ಇಲ್ಲಿ ಬರೆಯುವಂಥದ್ದಲ್ಲ. ಈಗ ನಿದ್ದೆ ಸುಧಾರಿಸಿದೆ, ಒಂಟಿತನ ಜಾಸ್ತಿಯಾಗಿದೆ. ಮಹಡಿಯನ್ನು ಮತ್ತೆ ಬಾಡಿಗೆಗೆ ಕೊಡುವುದಾ, ತಂಗಿಯನ್ನೇ ಜೊತೆಗೆ ಇರಲು ಕರೆಯುವುದಾ ಎಂಬ ಬಗ್ಗೆ ನಮ್ಮ ಮಾತು ನಡೆದಿದೆ.