ಹಳೆಯ ಫ್ರಿಜ್‌ನಲ್ಲಿ ಕೆಗರೇಟರ್ ಮಾಡಬೇಕು, ಟ್ಯಾಪ್ ಯಾವುದು ತಗೊಳ್ಳಲಿ?

ಮನೆಯಲ್ಲಿ ಹಳೆಯ ಸಿಂಗಲ್ ಡೋರ್ ಫ್ರಿಜ್ ಇದೆ, ಅದರಲ್ಲಿ ಕೆಗ್ (ಒತ್ತಡದಲ್ಲಿ ಪಾನೀಯ ತುಂಬಿಡುವ ಸ್ಟೀಲ್ ಪೀಪಾಯಿ) ಇಟ್ಟು ಬಾಗಿಲಿಗೆ ಟ್ಯಾಪ್ ಹಾಕಿ ಕೆಗರೇಟರ್ ಮಾಡಬೇಕು, ಕ್ರೋಮ್ ತಗೊಳ್ಳಲಾ ಸ್ಟೀಲ್ ತಗೊಳ್ಳಲಾ, ಒಂದು ಸಾಕಾ ಎರಡು ಬೇಕಾ ಅಂತ ಕೇಳಿದ್ದೀರಿ. ನಾನೂ ಕಲಬುರಗಿಯವನೇ ರೀ, ಸೇಡಂ ರೋಡ್ ಕಡೆ ಮನೆ. ಮೂರು ಬೇಸಿಗೆಯಿಂದ ನಮ್ಮಲ್ಲಿ ಒಂದು ಓಡುತ್ತಿದೆ. ನೇರವಾಗಿ ಹೇಳಿಬಿಡುತ್ತೇನೆ: ಸ್ಟೇನ್‌ಲೆಸ್ ಸ್ಟೀಲಿನದು, ಮುಂದೆ ಸೀಲ್ ಆಗುವಂಥದು, ಪಕ್ಕದಲ್ಲಿ ಹರಿವು ಹೆಚ್ಚು ಕಡಿಮೆ ಮಾಡುವ ಪುಟ್ಟ ಹಿಡಿಕೆ ಇರುವಂಥದು. ಒಂದೇ ಒಂದು. ಆದರೆ ಅದನ್ನು ಈಗಲೇ ಆರ್ಡರ್ ಮಾಡಬೇಡಿ.

ಮೊದಲೇ ಒಂದು ಮಾತು. ನಮ್ಮ ಕೆಗ್‌ನಲ್ಲಿ ಇರುವುದು ಸೋಡಾ, ಬಿಯರ್ ಅಲ್ಲ. ಕೆಗರೇಟರ್ ಅಂದ ಕೂಡಲೇ ಎಲ್ಲರೂ ಬಿಯರ್ ಅಂತಲೇ ತಿಳಿಯುತ್ತಾರೆ, ನಮ್ಮ ಮಾವನವರು ಹಾಗೇ ತಿಳಿದು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವುದು ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ಅಪರಾಧ, ನಿಮ್ಮ ತಲೆಯಲ್ಲಿ ಅದಿದ್ದರೆ ಅಲ್ಲಿಗೇ ಬಿಡಿ. ಸೋಡಾಕ್ಕೂ ಸಾಮಾನು ಅದೇ. ಬೇರೆಯಾಗುವುದು ಒತ್ತಡ ಮಾತ್ರ. ಬಿಯರಿಗೆ 10-12 ಪಿಎಸ್‌ಐ ಸಾಕು, ನಾಲಿಗೆಗೆ ಚುರ್ ಅನ್ನುವ ಸೋಡಾಕ್ಕೆ 30 ಬೇಕು, ಅಂದರೆ ಬೈಕಿನ ಹಿಂದಿನ ಟೈರಿಗೆ ಹೊಡೆಸುವಷ್ಟು. ಟ್ಯಾಪಿನ ವಿಚಾರ ತಲೆಕೆಳಗಾಗುವುದು ಇಲ್ಲೇ.

ನಾನು ಮೊದಲ ವರ್ಷ ಮಾಡಿದ ತಪ್ಪು ಕೇಳಿ. ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ ಮಿರಿಮಿರಿ ಮಿಂಚುವ ಟ್ಯಾಪ್ ತಗೊಂಡೆ. ಒಳಗೆ ಹಿತ್ತಾಳೆ, ಮೇಲೆ ಕ್ರೋಮ್. ಕೆಗ್ಗಿಗೆ ನಿಂಬೆ ಸೋಡಾನೇ ತುಂಬಿದೆ, ಇಂಡಿ ನಿಂಬೆಹಣ್ಣು ಅಗ್ಗಕ್ಕೆ ಸಿಕ್ಕಿತ್ತು. ಎರಡು ತಿಂಗಳಿಗೆ ಸೋಡಾದಲ್ಲಿ ತಾಮ್ರದ ಬಿಂದಿಗೆ ತೊಳೆದ ನೀರಿನ ರುಚಿ. ಟ್ಯಾಪ್ ಬಿಚ್ಚಿ ನೋಡಿದರೆ ಒಳಗಡೆ ಕ್ರೋಮ್ ಎದ್ದು ಹಸಿರು ಹಿಡಿದಿದೆ. ತಾಮ್ರದ ಪಾತ್ರೆಯಲ್ಲಿ ಹುಣಸೆಹಣ್ಣು ಇಡಬಾರದು ಅಂತ ಅವ್ವ ಹೇಳುತ್ತಿದ್ದದ್ದು ಇದಕ್ಕೇ ಅಲ್ವಾ? ಬರೀ ಸೋಡಾ ನೀರೂ ಹುಳಿಯೇ, ನಿಂಬೆ ಸೇರಿದರೆ ಕೇಳುವುದೇ ಬೇಡ. ಅದಕ್ಕೇ ಸ್ಟೀಲ್, ಅದೂ 304 ದರ್ಜೆ ಅಂತ ಬರೆದಿರುವುದು. ಟ್ಯಾಪಿನ ಹಿಂದೆ ಬಾಗಿಲೊಳಗೆ ತೂರುವ ಕೊಳವೆ, ಅಂದರೆ ಶ್ಯಾಂಕ್ ಕೂಡ ಸ್ಟೀಲೇ ಇರಲಿ, ಅಲ್ಲಿ ಹಿತ್ತಾಳೆ ಇದ್ದರೆ ಮುಂದೆ ಸ್ಟೀಲ್ ಹಾಕಿ ಏನು ಬಂತು.

ಮುಂದೆ ಸೀಲ್ ಆಗುವುದು ಅಂದರೆ ಏನು? ಮಾಮೂಲಿ ಟ್ಯಾಪಿನಲ್ಲಿ ಹರಿವು ನಿಲ್ಲುವ ಜಾಗ ಹಿಂದೆ, ಶ್ಯಾಂಕಿನ ಹತ್ತಿರ ಇರುತ್ತದೆ. ಮುಚ್ಚಿದ ಮೇಲೂ ಮೂತಿಯೊಳಗೆ ಸ್ವಲ್ಪ ಪಾನೀಯ ಅಂಟಿಕೊಂಡು ಒಣಗುತ್ತದೆ. ಸಕ್ಕರೆ ಇದ್ದರೆ ಮೂರೇ ದಿನಕ್ಕೆ ಹಿಡಿಕೆ ಅಂಟಿ ಎಳೆದರೂ ಬರುವುದಿಲ್ಲ. ಮುಂದೆ ಸೀಲ್ ಆಗುವುದರಲ್ಲಿ ಗಾಳಿ ಒಳಗೆ ಹೋಗಲು ಜಾಗವೇ ಇಲ್ಲ, ಹಾಗಾಗಿ ಒಣಗುವುದೂ ಇಲ್ಲ. ಪರ್ಲಿಕ್, ಇಂಟರ್‌ಟ್ಯಾಪ್ ಎರಡೂ ಬ್ರ್ಯಾಂಡಿನಲ್ಲಿ ಈ ಥರದವು ಬರುತ್ತವೆ.

ಪಕ್ಕದ ಹಿಡಿಕೆ ಯಾಕೆ ಅಂದರೆ, 30 ಪಿಎಸ್‌ಐ ಸೋಡಾ ಗಿಡ್ಡ ಪೈಪಿನಿಂದ ಲೋಟಕ್ಕೆ ನುಗ್ಗಿದರೆ ಗ್ಯಾಸೆಲ್ಲ ಅಲ್ಲೇ ಹಾರಿಹೋಗುತ್ತದೆ. ಸೋಡಾದಲ್ಲಿ ಬಿಯರಿನ ಹಾಗೆ ನೊರೆ ನಿಲ್ಲುವುದಿಲ್ಲ, ಮುಖಕ್ಕೆ ಸಿಡಿದು ಲೋಟದಲ್ಲಿ ಸಪ್ಪೆ ನೀರು ಉಳಿಯುತ್ತದೆ ಅಷ್ಟೇ. ಆ ಒತ್ತಡ ದಾರಿಯಲ್ಲೇ ಸವೆಯಬೇಕು. ಒಂದೋ ಒಳವ್ಯಾಸ 5 ಮಿಲಿಮೀಟರ್ ಇರುವ ಪೈಪನ್ನು ಏಳೆಂಟು ಮೀಟರ್ ಸುರುಳಿ ಸುತ್ತಿ ಫ್ರಿಜ್ ಒಳಗೇ ಇಡಿ, ಇಲ್ಲವೇ ಹರಿವು ತಡೆಯುವ ಟ್ಯಾಪ್ ಹಾಕಿ ಎರಡು ಮೂರು ಮೀಟರಿನಲ್ಲಿ ಮುಗಿಸಿ. ಸಿಂಗಲ್ ಡೋರ್ ಫ್ರಿಜ್‌ನಲ್ಲಿ ಕೆಗ್ ಕೂತ ಮೇಲೆ ಸುರುಳಿಗೆ ಜಾಗ ಎಲ್ಲಿದೆ?

ಈಗಲೇ ಆರ್ಡರ್ ಮಾಡಬೇಡಿ ಅಂದದ್ದು ಯಾಕೆ ಅಂತ ಹೇಳಬೇಕಲ್ಲ. ಮೇ ತಿಂಗಳಲ್ಲಿ ನಮ್ಮ ಅಡುಗೆಮನೆ ಮಧ್ಯಾಹ್ನ 40 ಡಿಗ್ರಿ. ಕೆಗ್ ಒಳಗೆ 4 ಡಿಗ್ರಿ, ಬಾಗಿಲಾಚೆ ಇರುವ ಟ್ಯಾಪ್ ಕಾದ ಕಬ್ಬಿಣ. ತಣ್ಣಗಿನ ಸೋಡಾ ಕಾದ ಲೋಹ ಮುಟ್ಟಿದ ಕೂಡಲೇ ಗ್ಯಾಸ್ ಬಿಡುತ್ತದೆ, ಮೊದಲ ಅರ್ಧ ಲೋಟ ಯಾವಾಗಲೂ ಹಾಳು. ಎಷ್ಟು ದುಡ್ಡಿನ ಟ್ಯಾಪ್ ಹಾಕಿದರೂ ಇದು ತಪ್ಪುವುದಿಲ್ಲ. ಫ್ರಿಜ್ ತಲೆಯ ಮೇಲೆ ಉದ್ದ ಕಂಬ ನಿಲ್ಲಿಸುವ ಟವರ್ ಇನ್ನೂ ಕಷ್ಟ, ಅಷ್ಟುದ್ದದ ಪೈಪ್ ಬಿಸಿಯಲ್ಲೇ ನಿಂತಿರುತ್ತದೆ. ಅದಕ್ಕೇ ಮೊದಲು ಕಪ್ಪು ಪ್ಲಾಸ್ಟಿಕ್ಕಿನ ಪಿಕ್ನಿಕ್ ಟ್ಯಾಪ್ ತಗೊಳ್ಳಿ, ಪೈಪಿನ ತುದಿಗೆ ಸಿಕ್ಕಿಸಿ, ಹೆಬ್ಬೆರಳಲ್ಲಿ ಒತ್ತುವುದು. ಫ್ರಿಜ್ ಒಳಗೇ ಇರುತ್ತದೆ, ಬಾಗಿಲು ತೆಗೆದು ಲೋಟಕ್ಕೆ ಹಿಡಿಯಿರಿ. ಇದಕ್ಕೆ ಹರಿವಿನ ಹಿಡಿಕೆ ಇಲ್ಲದ ಕಾರಣ ಪೈಪ್ ಮಾತ್ರ ಉದ್ದ ಇರಲಿ, ಇಕ್ಕಟ್ಟಾದರೂ ಕೆಗ್ ಸುತ್ತಲೇ ಸುತ್ತಿಬಿಡಿ. ನೋಡೋಕೆ ಚೆಂದ ಇಲ್ಲ, ಬಂದ ಬೀಗರ ಮುಂದೆ ಠೀವಿ ಇಲ್ಲ, ಆದರೆ ಮೊದಲ ಲೋಟವೇ ಸರಿಯಾಗಿ ಬರುತ್ತದೆ. ಒಂದು ಬೇಸಿಗೆ ಹೀಗೆ ಓಡಿಸಿ, ಆಮೇಲೂ ಬಾಗಿಲಿಗೆ ತೂತು ಹೊಡೆಯುವ ಮನಸ್ಸಿದ್ದರೆ ಹೊಡೆಯಿರಿ.

ಹೊಡೆಯುವುದಾದರೆ ಬಾಗಿಲಿಗೆ ಮಾತ್ರ. ಪಕ್ಕದ ಗೋಡೆಗೆ ಕೈ ಹಚ್ಚಬೇಡಿ, ಅಲ್ಲಿ ಶಾಖ ಹೊರಹಾಕುವ ಕೊಳವೆ ಓಡಿರಬಹುದು, ಈಚಿನ ಫ್ರಿಜ್‌ಗಳಲ್ಲಿ ಆರ್600ಎ ಗ್ಯಾಸ್, ಅದು ಹೊತ್ತಿ ಉರಿಯುವಂಥದ್ದು. ಶ್ಯಾಂಕಿನ ದಪ್ಪ ಅಳೆದು, 22ರಿಂದ 25 ಮಿಲಿಮೀಟರ್ ಹೋಲ್ ಸಾ (ದುಂಡು ತೂತು ಕೊರೆಯುವ ಗರಗಸ) ಹಾಕಿ ನಿಧಾನಕ್ಕೆ ಕೊರೆಯಿರಿ.

ಕೆಗ್ ವಿಚಾರ ಬೇಗ ಮುಗಿಸುತ್ತೇನೆ. 19 ಲೀಟರಿನ ಬಾಲ್ ಲಾಕ್ ಕೆಗ್ (ಕನೆಕ್ಟರನ್ನು ಒತ್ತಿ ಸಿಕ್ಕಿಸುವಂಥದು) ತಗೊಳ್ಳಿ, ಹಳೆಯದಾದರೆ ಓ ರಿಂಗ್, ಅಂದರೆ ಸೋರದಂತೆ ತಡೆಯುವ ರಬ್ಬರ್ ಬಳೆ, ಎಲ್ಲಾ ಬದಲಿಸಿ. ಎತ್ತರ ಸುಮಾರು 63 ಸೆಂಟಿಮೀಟರ್, ಮೇಲೆ ಕನೆಕ್ಟರ್ ಬೇರೆ, ಹಾಗಾಗಿ 70 ಖಾಲಿ ಬೇಕು. ನಿಮ್ಮ ಫ್ರಿಜ್‌ನಲ್ಲಿ ಹಿಂದೆ ಕೆಳಗಡೆ ಕಂಪ್ರೆಸರ್ ಉಬ್ಬು ಇರುತ್ತದೆ, ಮೇಲೆ ಫ್ರೀಜರ್ ಡಬ್ಬಿ, ಎರಡರ ನಡುವೆ ಟೇಪ್ ಹಿಡಿದು ಅಳೆದ ಮೇಲೆಯೇ ದುಡ್ಡು ಕೊಡಿ. ನನಗೆ ಊರಲ್ಲಿ ಸಿಗಲಿಲ್ಲ. ನಮ್ಮ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಕೇಳಿದರೆ ಒಬ್ಬರು ಹಾಲಿನ ಕ್ಯಾನ್ ತೋರಿಸಿದರು, ಇನ್ನೊಬ್ಬರು ಫಿಲ್ಟರಿನ ನಲ್ಲಿ ತೋರಿಸಿದರು.

ಕೆಗ್ಗಿಗೆ ಗ್ಯಾಸೂ ಒತ್ತಡವೂ ಕೊಡುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಸಮಯ ಕೊಡಿ, ನಮ್ಮೂರಲ್ಲಿ ಹುಷಾರಾಗಿ ಇರಬೇಕಾದದ್ದು ಅದರಲ್ಲೇ. ಕಾರ್ಬನ್ ಡೈಆಕ್ಸೈಡ್ 31 ಡಿಗ್ರಿ ದಾಟಿದರೆ ಎಷ್ಟು ಒತ್ತಿದರೂ ದ್ರವವಾಗಿ ಉಳಿಯುವುದಿಲ್ಲ. 20 ಡಿಗ್ರಿಯಲ್ಲಿ ಒಳಗೆ 57 ಬಾರ್ ಇರುವುದು, ಬಿಸಿಲಿಗೆ ಬಿಟ್ಟರೆ ತುಂಬಿದ ಸಿಲಿಂಡರಿನಲ್ಲಿ ಒತ್ತಡ ಸರಸರ ಏರುತ್ತದೆ, ಕೊನೆಗೆ ಸೇಫ್ಟಿ ಡಿಸ್ಕ್ ಒಡೆದು ಗ್ಯಾಸೆಲ್ಲ ಹೊರಗೆ. ನಮ್ಮಲ್ಲಿ 31 ಅಂದರೆ ತಂಪು ದಿನ! ಜಾಗ ಇದ್ದರೆ ಸಿಲಿಂಡರ್ ಫ್ರಿಜ್ ಒಳಗೇ ಇಡಿ, ಇಲ್ಲದಿದ್ದರೆ ನೆರಳಲ್ಲಿ, ನೇರವಾಗಿ ನಿಲ್ಲಿಸಿ ಕಟ್ಟಿ. ಫ್ರಿಜ್ ಹಿಂದೆ ಬೇಡ, ಅಲ್ಲೂ ಶಾಖ. ಕಾರಿನ ಡಿಕ್ಕಿಯಲ್ಲಿ ಮರೆತು ಬರಲೇಬೇಡಿ. ಕಿಟಕಿ ತೆರೆದಿರಲಿ, ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ.

ತುಂಬಿಸುವುದು ಎಲ್ಲಿ? ಗೋಲಿ ಸೋಡಾ ಮಾಡುವವರನ್ನು ಕೇಳಿ, ನನಗೆ ದಾರಿ ತೋರಿಸಿದ್ದು ಅವರೇ. ಕುಡಿಯುವುದಕ್ಕೆ ಅಂತ ಹೇಳಿ ಫುಡ್ ಗ್ರೇಡ್ ಗ್ಯಾಸೇ ಹಾಕಿಸಿ. ಸಿಲಿಂಡರಿನ ಒತ್ತಡ ಇಳಿಸಿ ಕೆಗ್ಗಿಗೆ ಬಿಡುವ ರೆಗ್ಯುಲೇಟರನ್ನು ವೆಲ್ಡಿಂಗ್ ಅಂಗಡಿಯಲ್ಲಿ ಕೊಳ್ಳಬೇಡಿ, ಅದು ನಿಮಿಷಕ್ಕೆ ಎಷ್ಟು ಲೀಟರ್ ಅಂತ ತೋರಿಸುತ್ತದೆ, ನಮಗೆ ಬೇಕಾದದ್ದು ಒತ್ತಡ. ಎಲ್ಲಾ ಜೋಡಿಸಿದ ಮೇಲೆ ಪ್ರತಿ ಸಂದಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ನಾನು ಒಂದು ಸಲ ಸೋಮಾರಿತನ ಮಾಡಿದೆ, ಬೆಳಗಾಗುವುದರಲ್ಲಿ 2 ಕೆಜಿ ಸಿಲಿಂಡರ್ ಖಾಲಿ. ಸೋರದಿದ್ದರೆ ಒಂದು ಕೆಗ್ಗಿಗೆ ಕಾಲು ಕೆಜಿ ಆಸುಪಾಸು, ಏಳು ಕೆಗ್ ಆರಾಮಾಗಿ ಬರುತ್ತದೆ. ಎಷ್ಟು ಉಳಿದಿದೆ ಅಂತ ಮೀಟರ್ ನೋಡಿದರೆ ತಿಳಿಯುವುದಿಲ್ಲ, ಒಳಗೆ ದ್ರವ ಇರುವವರೆಗೂ ಮುಳ್ಳು ಅಲ್ಲೇ ನಿಂತಿರುತ್ತದೆ. ತೂಕ ಮಾಡಿ.

ನೀರು ಫಿಲ್ಟರಿನದೇ ಹಾಕಿ, ನಮ್ಮ ಬೋರ್ ನೀರು ಗಡಸು, ಸೋಡಾಕ್ಕೆ ಸೀಮೆಸುಣ್ಣದ ರುಚಿ ಬರುತ್ತದೆ. ಕುತ್ತಿಗೆವರೆಗೆ ತುಂಬಬೇಡಿ, ಗ್ಯಾಸ್ ಬರುವ ಸಣ್ಣ ಕೊಳವೆ ಮುಳುಗಬಾರದು. ಒಂದು ದಿನ ತಣ್ಣಗಾಗಲಿ, ನೀರು ತಣ್ಣಗಿದ್ದಷ್ಟೂ ಗ್ಯಾಸ್ ಜಾಸ್ತಿ ಹಿಡಿಯುತ್ತದೆ. ಆಮೇಲೆ ಗ್ಯಾಸ್ ಬಿಟ್ಟು, ಮುಚ್ಚಳದ ವಾಲ್ವ್ ಎಳೆದು ಮೂರು ನಾಲ್ಕು ಸಲ ಒಳಗಿನ ಗಾಳಿ ಹೊರಗೆ ಹಾಕಿ, ರೆಗ್ಯುಲೇಟರ್ 30 ಪಿಎಸ್‌ಐಗೆ ಇಟ್ಟು ಬಿಟ್ಟುಬಿಡಿ. ವಾರಕ್ಕೆ ಸಿದ್ಧ.

ಎರಡನೇ ಟ್ಯಾಪ್ ಕೇಳಿದ್ದಿರಲ್ಲ, ಬೇಡ. ನಿಂಬೆ, ಶುಂಠಿ, ಸಕ್ಕರೆ ಏನನ್ನೂ ಕೆಗ್ಗಿಗೆ ಹಾಕಬೇಡಿ. ಒಮ್ಮೆ ಶುಂಠಿ ಹೋಯಿತೆಂದರೆ ಓ ರಿಂಗ್ ಬದಲಿಸುವವರೆಗೂ ಎಲ್ಲಾ ಸೋಡಾ ಶುಂಠಿಯೇ. ಕೆಗ್‌ನಲ್ಲಿ ಬರೀ ಸೋಡಾ, ಉಳಿದದ್ದು ಲೋಟದಲ್ಲಿ. ನಮ್ಮ ಮನೆಯಲ್ಲಿ ಮಗಳಿಗೆ ಮಾವಿನಕಾಯಿ ಪಾನಕ, ಮಾವನವರಿಗೆ ಉಪ್ಪು ನಿಂಬೆ, ಎಲ್ಲಾ ಒಂದೇ ಟ್ಯಾಪಿನಿಂದ. ಟ್ಯಾಪ್ ಕೆಳಗೆ ತಟ್ಟೆ ಇಟ್ಟರೆ ಅದರಲ್ಲಿ ಬೀಳುವುದೂ ಬರೀ ನೀರು, ನಿಂಬೆ ಸೋಡಾ ವರ್ಷದಲ್ಲಿ ಆ ತಟ್ಟೆಯಿಂದ ಬಾಗಿಲ ಹೊಸ್ತಿಲವರೆಗೆ ಇರುವೆ ಸಾಲು ಇತ್ತು.