"ನಾನು ಊಟ ಮಾಡಿದ ದಿನವೇ ಅವನಿಗೆ ಏನಾದರೂ ಆದರೆ?"

ಉಪವಾಸ ಬಿಡಲು ಹೆದರುವ ತಾಯಂದಿರು ನನ್ನ ಬಳಿ ಆಗಾಗ ಬರುತ್ತಾರೆ. ಅವರಲ್ಲಿ ಒಬ್ಬರ ವಿಷಯ ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ವಯಸ್ಸು ಐವತ್ತು ದಾಟಿದೆ. ಮಗನಿಗೆ ಕುಡಿತದ ಚಟ. ಅವನಿಗಾಗಿ ಶುಕ್ರವಾರಗಳಲ್ಲಿ ಉಪವಾಸ ಪ್ರಾರ್ಥನೆ ಶುರು ಮಾಡಿದರು. ಅವನು ಕುಡಿತ ಬಿಡಲಿಲ್ಲ. ಉಪವಾಸ ವಾರಕ್ಕೆ ಮೂರು ದಿನವಾಯಿತು, ಆಮೇಲೆ ನೀರನ್ನೂ ಬಿಟ್ಟರು. ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ಎಂದಿನಂತೆ ನುಂಗುತ್ತಿದ್ದರು. ಒಂದು ದಿನ ಆರಾಧನೆಯ ನಡುವೆಯೇ ಕುಸಿದು ಬಿದ್ದರು. ಮಗಳು ಒತ್ತಾಯ ಮಾಡಿ ಕರೆತಂದಳು.

ಮೊದಲೆಲ್ಲ ಅವರು ವಿಶ್ವಾಸದ ಮಾತು ಬಿಟ್ಟು ಬೇರೇನೂ ಆಡಲಿಲ್ಲ. ಒಂದು ದಿನ ನಾನು ಸುಮ್ನೆ ಕೇಳಿದೆ, "ಅಮ್ಮ, ಉಪವಾಸದ ದಿನ ಪ್ರಾರ್ಥನೆಯಲ್ಲಿ ಏನು ಹೇಳುತ್ತೀರಿ?"

ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು, "ಪ್ರಾರ್ಥನೆ ಮಾಡೋಕೇ ಆಗಲ್ಲ ಸಿಸ್ಟರ್. ತಲೆ ಸುತ್ತುತ್ತೆ. ಗಡಿಯಾರ ನೋಡ್ತಾ ಕೂತಿರ್ತೀನಿ. ಆದ್ರೆ ಬಿಡೋಕೂ ಭಯ. ನಾನು ಊಟ ಮಾಡಿದ ದಿನವೇ ಅವನಿಗೆ ಏನಾದರೂ ಆದರೆ?"

ಅವರು ದೇವರನ್ನು ಹುಡುಕಿಕೊಂಡು ಉಪವಾಸಕ್ಕೆ ಕೂತಿರಲಿಲ್ಲ, ಮಗನ ಜೀವಕ್ಕೆ ಕಾವಲು ಕೂತಿದ್ದರು.

ನಾನು ಬೈಬಲ್ ತೆಗೆದು 2 ಸಮುವೇಲ 12ನೇ ಅಧ್ಯಾಯ ಓದಿದೆ. ಇಸ್ರಾಯೇಲಿನ ಅರಸ ದಾವೀದನ ಮಗು ಕಾಯಿಲೆ ಬಿದ್ದಾಗ ಅವನು ಊಟ ಬಿಟ್ಟು ನೆಲದ ಮೇಲೆ ಬಿದ್ದಿದ್ದ. ಏಳನೇ ದಿನ ಮಗು ಸತ್ತಿತು. ಸೇವಕರಿಗೆ ಹೇಳಲೂ ಭಯ. ಆದರೆ ವಿಷಯ ತಿಳಿದಾಗ ದಾವೀದ ಎದ್ದು ಸ್ನಾನ ಮಾಡಿದ, ಬಟ್ಟೆ ಬದಲಿಸಿದ, ಯೆಹೋವನ ಮನೆಗೆ ಹೋಗಿ ಆರಾಧಿಸಿದ. ಮನೆಗೆ ಬಂದು ಊಟ ಕೇಳಿದ.

ಆ ತಾಯಿಯ ಮುಖ ಕಂದಿತು. "ಅದು ದಾವೀದನ ಪಾಪಕ್ಕೆ ಆಗಿದ್ದು ಅಲ್ವಾ? ಹಾಗಾದ್ರೆ ನನ್ನ ಮಗ ಹೀಗಾಗಿದ್ದು ನನ್ನ ಪಾಪಕ್ಕಾ?"

ಈ ಪ್ರಶ್ನೆ ಅವರೊಳಗೆ ಮೊದಲಿನಿಂದಲೂ ಇತ್ತು ಅಂತ ಆಗ ತಿಳಿಯಿತು. ಯೋಹಾನ 9ನೇ ಅಧ್ಯಾಯಕ್ಕೆ ಹೋದೆವು. ಹುಟ್ಟು ಕುರುಡನನ್ನು ನೋಡಿ ಶಿಷ್ಯರು, ಪಾಪ ಮಾಡಿದ್ದು ಇವನೋ ಇವನ ತಂದೆತಾಯಿಯೋ ಎಂದು ಕೇಳುತ್ತಾರೆ. ಇಬ್ಬರೂ ಅಲ್ಲ ಎನ್ನುತ್ತಾನೆ ಯೇಸು. ಆ ವಚನವನ್ನು ಅವರೇ ಮತ್ತೆ ಮತ್ತೆ ಓದಿದರು. ಅತ್ತರು. ನಾನು ತಡೆಯಲಿಲ್ಲ.

ಮಗನ ಚಿಂತೆಯಲ್ಲಿರುವ ತಾಯಿಗೆ ಮಗು ಸತ್ತ ಕಥೆ ಓದಿದ್ದು ಕ್ರೂರ ಅಂತ ನನ್ನ ಜೊತೆ ಕೆಲಸ ಮಾಡುವ ಒಬ್ಬರು ಹೇಳಿದರು. ನಾನು ಒಪ್ಪುವುದಿಲ್ಲ. ಪ್ರಾರ್ಥನೆಗೆ ಉತ್ತರ ಸಿಕ್ಕ ಸಾಕ್ಷಿಗಳನ್ನು ಅವರು ಬೇಕಾದಷ್ಟು ಕೇಳಿದ್ದರು. ಪ್ರತಿ ಸಾಕ್ಷಿಯೂ "ನಿನ್ನ ಉಪವಾಸ ಸಾಲದು" ಎಂದೇ ಅವರ ಕಿವಿಗೆ ಬೀಳುತ್ತಿತ್ತು. ದಾವೀದ ಕೇಳಿದ್ದು ಸಿಗಲಿಲ್ಲ. ಆದರೂ ಅವನು ಆರಾಧನೆಗೆ ಹೋದ. ಉಪವಾಸ ಅಂದರೆ ಬೇಡುವುದು. ಕೊಟ್ಟು ಕೊಳ್ಳುವ ವ್ಯಾಪಾರ ಅಲ್ಲ. ಇಷ್ಟು ಸ್ಪಷ್ಟವಾಗಿ ಇದನ್ನು ತೋರಿಸುವ ಬೇರೆ ಭಾಗ ನನಗೆ ಗೊತ್ತಿಲ್ಲ.

ಆಮೇಲೆ ಕೊಟ್ಟ ಸಲಹೆ ಸರಳ. ಡಾಕ್ಟರ್ ಒಪ್ಪುವವರೆಗೆ ಊಟ ಬಿಡುವ ಉಪವಾಸ ಬೇಡ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ 70 mg/dLಗಿಂತ ಕೆಳಗೆ ಇಳಿಯಬಹುದು. ಬೆವರು, ನಡುಕ, ಗೊಂದಲ ಬರುತ್ತದೆ, ಪ್ರಜ್ಞೆಯೂ ತಪ್ಪಬಹುದು. ಅದನ್ನು ಆತ್ಮಿಕ ಹೋರಾಟ ಅಂದುಕೊಳ್ಳಬಾರದು. ಹಾಗಂತ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದೂ ತಪ್ಪು. ಶುಕ್ರವಾರದ ಪ್ರಾರ್ಥನೆ ಮುಂದುವರಿಯಲಿ, ಊಟ ಮಾಡಿಯೇ. ಮಗನ ಬಗ್ಗೆ ಇರುವ ಭಯವನ್ನು ಇದ್ದ ಹಾಗೇ ದೇವರಿಗೆ ಹೇಳಲಿ. 13ನೇ ಕೀರ್ತನೆಯಲ್ಲಿ ದಾವೀದ "ಎಷ್ಟು ಕಾಲ" ಅಂತ ದೇವರನ್ನೇ ಕೇಳುತ್ತಾನಲ್ಲ, ಹಾಗೆ. ಜೊತೆಗೆ ಕುಡಿತದ ಚಟ ಇರುವವರ ಮನೆಯವರಿಗಾಗಿಯೇ ನಡೆಯುವ ಗುಂಪಿಗೆ ಹೋಗಲು ಹೇಳಿದೆ.

"ವಿಶ್ವಾಸ ಕಡಿಮೆ ಆಯ್ತು ಅಂತ ಆಗಲ್ವಾ?" ಅಂದರು. ಪ್ರವಾದಿ ಎಲೀಯನ ವಿಷಯ ಹೇಳಿದೆ. ಸಾಯಬೇಕು ಅಂತ ಬೇಡಿಕೊಂಡು ಮರದ ಕೆಳಗೆ ಮಲಗಿದ್ದವನನ್ನು ದೇವದೂತ ತಟ್ಟಿ ಎಬ್ಬಿಸಿದ. ಮೊದಲು ಹೇಳಿದ್ದು, ಎದ್ದು ಊಟ ಮಾಡು ಅಂತ.

ನಾನು ಉಪವಾಸದ ವಿರೋಧಿ ಅಲ್ಲ. ನಾನೂ ಮಾಡುತ್ತೇನೆ. ನೀವು ಉಪವಾಸ ಮಾಡುವಾಗ ಎಂದೇ ಯೇಸು ಮಾತು ಶುರು ಮಾಡುತ್ತಾನೆ (ಮತ್ತಾಯ 6). ಅವನು ಬೇಡ ಎಂದದ್ದು ಜನರಿಗೆ ತೋರಿಸಿಕೊಳ್ಳುವ ಉಪವಾಸ. ಭಯದಿಂದ ಬಿಡಲಾಗದ ಉಪವಾಸವನ್ನೂ ಅಷ್ಟೇ ಗಂಭೀರವಾಗಿ ನೋಡಬೇಕು ಅನ್ನುವುದು ನನ್ನ ನಂಬಿಕೆ. ಕ್ಯಾಥೋಲಿಕ್ ಸಭೆಯ ನಿಯಮವೂ ಉಪವಾಸದ ಕಡ್ಡಾಯವನ್ನು 18ಕ್ಕೆ ಶುರು ಮಾಡಿ 59 ತುಂಬಿದ ಮೇಲೆ ನಿಲ್ಲಿಸುತ್ತದೆ. ದೇಹಕ್ಕೂ ಮಿತಿ ಇದೆ ಅಂತ ಸಭೆಯೇ ಒಪ್ಪಿಕೊಂಡಿದೆ.

ಮಗ ಇನ್ನೂ ಪೂರ್ತಿ ಬಿಟ್ಟಿಲ್ಲ. ತಾಯಿ ಈಗ ಸಮಯಕ್ಕೆ ಸರಿಯಾಗಿ ಊಟ ಮಾಡುತ್ತಾರೆ, ಗುಂಪಿಗೂ ಹೋಗುತ್ತಾರೆ. ಪ್ರಾರ್ಥನೆಯಲ್ಲಿ ಮಾತು ಬರುತ್ತಿದೆ ಅಂತ ಹೇಳಿದರು.

ಸಭೆಯಲ್ಲಿ ಉಪವಾಸ ಪ್ರಾರ್ಥನೆ ಘೋಷಿಸುವ ಪಾಸ್ಟರ್‌ಗಳಲ್ಲಿ ಒಂದು ಬೇಡಿಕೆ. ಘೋಷಿಸುವ ಮೊದಲು, ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು, ಹಿಂದೆ ಊಟ ಬಿಡುವ ಅಥವಾ ಅತಿಯಾಗಿ ತಿನ್ನುವಂಥ ಮಾನಸಿಕ ಕಾಯಿಲೆಯಿಂದ ಬಳಲಿದವರು ಯಾರು ಅಂತ ಒಬ್ಬೊಬ್ಬರನ್ನೇ ಏಕಾಂತದಲ್ಲಿ ಕೇಳಿ. ಅವರು ಊಟ ಮಾಡಿಕೊಂಡೇ ಪ್ರಾರ್ಥನೆಗೆ ಬರಬಹುದು ಅಂತ ಎಲ್ಲರ ಎದುರಿಗೇ ಹೇಳಿ.